ಒಂದು ಪ್ರಾಣಿಗೆ ಒಂದೇ ಸುಳ್ಳು

ಅಣಬೆ ಟೋಪಿಯ ಕಪ್ಪೆ, ಕೊಂಬಿರುವ ಮೊಲ, ರೆಕ್ಕೆ ಬಂದ ಬೆಕ್ಕು. ಇಂಥ ಇಲ್ಲದ ಪ್ರಾಣಿಗಳನ್ನು ಬರೆದು, ಪ್ರಿಂಟ್, ಸ್ಟಿಕ್ಕರ್ ಮಾಡಿ ತಾವೇ ಮಾರುವ ಕಲಾವಿದರು ಈಗ ಬೇಕಾದಷ್ಟಿದ್ದಾರೆ. ಕೆಲವರ ಚಿತ್ರ ನೋಡಿದ ಕೂಡಲೇ ‘ಇದು ಎಲ್ಲೋ ಇದ್ದರೂ ಇರಬಹುದು’ ಅನ್ನಿಸುತ್ತದೆ. ಇನ್ನು ಕೆಲವು ಸುಮ್ನೆ ಎರಡು ಪ್ರಾಣಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ನನ್ನ ಲೆಕ್ಕದಲ್ಲಿ ಒಂದು ಪ್ರಾಣಿಗೆ ಒಂದೇ ಸುಳ್ಳು ಸಾಕು. ಮಿಕ್ಕಿದ್ದೆಲ್ಲ ನಿಜದ್ದೇ ಇರಲಿ.

ಇದು ಹಳೇ ಬುದ್ಧಿಮಾತೇ. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಡ್ರ್ಯಾಗನ್ ಬರೆಯುವ ಬಗೆ ಹೇಳಿದ್ದಾನೆ: ತಲೆ ನಾಯಿಯದು, ಕಣ್ಣು ಬೆಕ್ಕಿನದು, ಕಿವಿ ಮುಳ್ಳುಹಂದಿಯದು, ಕುತ್ತಿಗೆ ಆಮೆಯದು. ಪ್ರಾಣಿ ಕಲ್ಪನೆಯದೇ, ಆದರೆ ಒಂದೊಂದು ಅಂಗವೂ ಕಣ್ಣಾರೆ ಕಂಡದ್ದು.

ಹಾಗಾಗಿ ಮೊದಲ ಕೆಲಸ ನೋಡುವುದು. ಒಂದು ಜರಿಗಿಡ ಎದುರಿಗಿಟ್ಟುಕೊಳ್ಳಿ. ಎಳೆ ಚಿಗುರು ಬಿಗಿಯಾಗಿ ಸುರುಳಿ ಸುತ್ತಿರುತ್ತದೆ, ಬೆಳೆದಂತೆಲ್ಲ ಬಿಚ್ಚಿಕೊಳ್ಳುತ್ತದೆ. ಬಹಳಷ್ಟು ಜಾತಿಗಳಲ್ಲಿ ಸುರುಳಿಯ ಮೇಲೆ ಕಂದು ಹೊಟ್ಟಿನಂಥ ಪೊರೆ ಇರುತ್ತದೆ. ಬಲಿತ ಎಲೆಯನ್ನು ಮಗುಚಿ ನೋಡಿದರೆ ಕಂದು ಚುಕ್ಕೆಗಳ ಸಾಲು. ಎಲೆಗೆ ರೋಗ ಬಂದಿದೆ ಅಂದುಕೊಳ್ಳಬೇಡಿ, ಅವು ಬೀಜಕಣಗಳ ಗೊಂಚಲು. ಇದನ್ನೆಲ್ಲ ಪೆನ್ಸಿಲ್‌ನಲ್ಲಿ ಬೇರೆ ಬೇರೆ ಕಡೆಯಿಂದ ಬರೆದುಕೊಳ್ಳಿ. ಬರೀ ಫೋಟೊ ನೋಡಿ ಬರೆಯುವವರಿಗೆ ಎಲೆಯ ಆ ಇನ್ನೊಂದು ಮಗ್ಗುಲು ಸಿಗುವುದೇ ಇಲ್ಲ.

ಈಗ ಇದಕ್ಕೊಂದು ಮೈ ಬೇಕು. ಇಲಿಯನ್ನು ತೆಗೆದುಕೊಳ್ಳೋಣ. ಜರಿ ಸುರುಳಿಯೇ ಅದರ ಬಾಲ. ನಮ್ಮ ಸುಳ್ಳು ಇಷ್ಟೇ. ಹುಲ್ಲಿನ ದಂಟು ಹತ್ತುವ ಒಂದು ಜಾತಿಯ ಪುಟ್ಟ ಇಲಿ ನಿಜಕ್ಕೂ ಬಾಲದಿಂದ ದಂಟನ್ನು ಸುತ್ತಿ ಹಿಡಿಯುತ್ತದೆ. ಅಂದಮೇಲೆ ನಮ್ಮ ಸುಳ್ಳೂ ಅಂಥ ದೊಡ್ಡದಲ್ಲ, ಅಲ್ವಾ?

ಚಂದ ಮಾಡುವ ಮೊದಲು ಅದರ ಬದುಕು ಕೇಳಿ. ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾರಿಗೆ ಹೆದರುತ್ತದೆ? ರಾತ್ರಿ ಓಡಾಡುವುದಾದರೆ ಕಣ್ಣು ದೊಡ್ಡದಿರಲಿ. ಬೇರೆಯವರ ಬಾಯಿಗೆ ಬೀಳುವ ಪ್ರಾಣಿಯಾದರೆ ಕಣ್ಣು ತಲೆಯ ಪಕ್ಕಕ್ಕಿರಲಿ, ಸುತ್ತಲೂ ಕಾಣಬೇಕಲ್ಲ. ಬೇಟೆಯಾಡುವುದಾದರೆ ಕಣ್ಣು ಮುಂದಕ್ಕೆ. ಮೇಕೆಯ ಕಣ್ಣಪಾಪೆ ಅಡ್ಡ ಸೀಳು, ಬೆಕ್ಕಿನದು ಉದ್ದ ಸೀಳು. ಇಷ್ಟು ಸಣ್ಣ ಗೆರೆ ಬದಲಾದರೂ ಪ್ರಾಣಿಯ ಸ್ವಭಾವವೇ ಬೇರೆ ಕಾಣುತ್ತದೆ.

ಆಮೇಲೆ ಮೂಳೆ. ಜಾಸ್ತಿ ಜನ ಸೋಲುವುದು ಇಲ್ಲೇ. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದ ಮೊಣಕಾಲಿನಂತೆ ಕಾಣುವುದು ಅದರ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಹತ್ತಿರ ಇದೆ. ನಾಯಿ ನಡೆಯುವುದು ಬೆರಳ ಮೇಲೆ. ಇದು ಗೊತ್ತಿಲ್ಲದೆ ಕಾಲು ಬರೆದರೆ ಎಷ್ಟು ರೋಮ ಹಚ್ಚಿದರೂ ಪ್ರಾಣಿ ನಿಲ್ಲುವುದಿಲ್ಲ. ರೆಕ್ಕೆ ಬೇಕೆಂದರೆ ಇನ್ನೂ ಕಷ್ಟ. ಬಾವಲಿಯ ರೆಕ್ಕೆ ಅಂದರೆ ಅದರ ಕೈಯೇ, ಬೆರಳು ಉದ್ದವಾಗಿ ನಡುವೆ ಪೊರೆ ಬಂದಿದೆ. ಹಕ್ಕಿ ಹಾರುವ ದೊಡ್ಡ ಸ್ನಾಯುಗಳು ಎದೆಮೂಳೆಗೆ ಅಂಟಿವೆ. ಹಾಗಾಗಿ ಬೆಕ್ಕಿಗೆ ರೆಕ್ಕೆ ಕೊಡುವವರು ಎದೆಯನ್ನೂ ದಪ್ಪ ಮಾಡಬೇಕು. ಇಲ್ಲವೇ ಮುಂಗಾಲನ್ನೇ ರೆಕ್ಕೆ ಮಾಡಬೇಕು. ಬೆನ್ನಿಗೆ ಸಿಕ್ಕಿಸಿದರೆ ಮದುವೆ ಮನೆಯ ಅಲಂಕಾರದಂತೆ ಇರುತ್ತದೆ, ಅಷ್ಟೇ.

ಮೂಳೆ ಸರಿಯಾದ ಮೇಲೆ ಇಡೀ ಆಕಾರಕ್ಕೆ ಕಪ್ಪು ತುಂಬಿ, ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ. ಸುರುಳಿ ಬಾಲ ಆಗಲೂ ಗುರುತು ಸಿಕ್ಕರೆ ಮುಂದುವರಿಯಿರಿ. ಮೈಯೊಳಗೆ ಅಡಗಿ ಹೋದರೆ ನಿಲುವು ಬದಲಿಸಿ.

ಮುದ್ದಾಗಿ ಕಾಣಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ದೊಡ್ಡ ತಲೆ, ಎತ್ತರದ ಹಣೆ, ಕೆಳಗಿಳಿದ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ನಮ್ಮಲ್ಲಿ ಮಗುವಿನ ಮೇಲಿನ ಅಕ್ಕರೆ ಎಬ್ಬಿಸುತ್ತವೆ ಎಂದು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದ. ಉಪಾಯ ಕೆಲಸ ಮಾಡುತ್ತದೆ, ನಿಜ. ಆದರೆ ಎಲ್ಲರೂ ಅದನ್ನೇ ಮಾಡಿ, ಎಲ್ಲರ ಪ್ರಾಣಿಗಳೂ ಒಂದೇ ತಾಯಿಯ ಮಕ್ಕಳಂತಾಗಿವೆ. ಕಣ್ಣು ತುಸು ಚಿಕ್ಕದಿದ್ದು, ನೋಟದಲ್ಲಿ ಒಂಚೂರು ಜಂಬ ಇರುವ ಇಲಿಯೇ ನನಗೆ ಇಷ್ಟ.

ಬಣ್ಣಕ್ಕೂ ಕಾರಣ ಇರಲಿ. ಎಷ್ಟೋ ಪ್ರಾಣಿಗಳ ಬೆನ್ನು ಗಾಢ, ಹೊಟ್ಟೆ ತಿಳಿ. ಮೇಲಿಂದ ಬೀಳುವ ಬಿಸಿಲು, ಕೆಳಗಿನ ನೆರಳು ಎರಡನ್ನೂ ಈ ಬಣ್ಣ ಸರಿದೂಗಿಸಿ ಮೈಯನ್ನು ಚಪ್ಪಟೆಯಾಗಿ ಕಾಣಿಸುತ್ತದೆ, ಅಡಗಲು ಅನುಕೂಲ. 1896ರಲ್ಲಿ ಇದನ್ನು ವಿವರಿಸಿದ ಅಬಟ್ ಥೇಯರ್ ಸ್ವತಃ ಚಿತ್ರಕಾರ. ನಮ್ಮ ಇಲಿಗೂ ಅದೇ ಲೆಕ್ಕ: ಬೆನ್ನು ಪಾಚಿ ಹಸಿರು, ಹೊಟ್ಟೆ ಕೆನೆ ಬಣ್ಣ. ಬೀಜಕಣದ ಕಂದು ಚುಕ್ಕೆಗಳನ್ನು ಬಾಲದ ಒಳಮಗ್ಗುಲಿಗೆ ಇಡಿ. ಬಾಲ ಬಿಚ್ಚಿದಾಗ ಮಾತ್ರ ಕಾಣಲಿ.

ಜಲವರ್ಣವಾದರೆ 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ತೆಗೆದುಕೊಳ್ಳಿ, ತೆಳು ಕಾಗದ ನೀರಿಗೆ ಉಬ್ಬುತ್ತದೆ. ಬೇರೆಯವರ ಫೋಟೊ ಮೇಲೆ ಗೆರೆ ಎಳೆದು ಮಾರಬೇಡಿ, ಅದರ ಹಕ್ಕು ಅವರದು. ಪ್ರಿಂಟ್ ಮಾಡಿಸುವುದಾದರೆ ಬೇಕಾದ ಅಳತೆಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಇಟ್ಟು, ಮೊದಲು ಒಂದೇ ಪ್ರತಿ ತೆಗೆಸಿ ನೋಡಿ. ಪರದೆಯ ಮೇಲೆ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗಿಯೇ ಬರುತ್ತದೆ, ಕಡುಹಸಿರಿಗೆ ಒಂಚೂರು ಹಳದಿ ಸೇರಿಸಿ ಇನ್ನೊಮ್ಮೆ ತೆಗೆಸಬೇಕಾದೀತು.