ಕತ್ತಲಾದ ಮೇಲೆ ಮಲ್ಪೆಯ ಬೋಟುಗಳು

ರಾತ್ರಿ ಫೋಟೊ ಎಂದ ಕೂಡಲೇ ಎಲ್ಲರೂ ಹೇಳಿಕೊಡುವುದು ಒಂದೇ ಪಾಠ: ಟ್ರೈಪಾಡ್ ಹೂಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100ಕ್ಕೆ ಇಳಿಸಿ, ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡಿ. ಅರಮನೆಗೆ, ಸೇತುವೆಗೆ ಇದು ಸರಿ. ಟ್ರೈಪಾಡ್ ಕ್ಯಾಮೆರಾವನ್ನೇನೋ ಅಲುಗದಂತೆ ಹಿಡಿದೀತು, ಬೋಟನ್ನು ಹಿಡಿದೀತೇ? ಹಗ್ಗ ಬಿಗಿದು ಕಟ್ಟಿದ ಬೋಟೂ ಸುಮ್ಮನಿರುವುದಿಲ್ಲ. ಒಡಲು ತುಸು ಹೊರಳಿದರೂ ಮೇಲಿನ ಕಂಬದ ತುದಿ ಗೇಣುದ್ದ ಓಲಾಡುತ್ತದೆ. ಎಂಟು ಸೆಕೆಂಡಿನ ಚಿತ್ರದಲ್ಲಿ ದಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಕಲ್ಲು ಸ್ಫುಟವಾಗಿ ಬಂದಿರುತ್ತದೆ, ಬೋಟಿನ ಹೆಸರು ಮಾತ್ರ ಓದಲು ಬಾರದಷ್ಟು ಕಲಸಿಹೋಗಿರುತ್ತದೆ.

ಉಡುಪಿ ಕಡೆ ಪ್ರವಾಸ ಹೋದಾಗಲೆಲ್ಲ ಒಂದು ಸಂಜೆಯನ್ನು ಮಲ್ಪೆಯ ಮೀನುಗಾರಿಕಾ ಬಂದರಿಗೆ ಎತ್ತಿಡುತ್ತೇನೆ. ಸೂರ್ಯ ಮುಳುಗಿದ ಕೂಡಲೇ ಬೀಚಿನ ಜನ ಗೋಳಿಬಜೆ ಹುಡುಕಿಕೊಂಡು ಹೊರಡುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಗ. ಸೂರ್ಯಾಸ್ತವಾಗಿ 15ರಿಂದ 25 ನಿಮಿಷದ ನಡುವೆ ಆಕಾಶದಲ್ಲಿ ಗಾಢ ನೀಲಿ ಉಳಿದಿರುತ್ತದೆ, ದೀಪಗಳೂ ಹತ್ತಿರುತ್ತವೆ. ಅದು ದಾಟಿತೆಂದರೆ ಕಂಬ, ಹಗ್ಗ, ಬಲೆ ಎಲ್ಲವೂ ಕಪ್ಪಿನಲ್ಲಿ ಅಡಗಿ ದೀಪದ ಚುಕ್ಕೆಗಳಷ್ಟೇ ಸಿಗುತ್ತವೆ. ಅಂಥ ಚಿತ್ರ ಯಾವ ಊರಿನದಾದರೂ ಆದೀತು.

ದೀಪಗಳ ಹತ್ತಿರ ನಾನು ಇಡುವುದು ಲೆನ್ಸಿನ ಕಿಂಡಿ ಎಫ್ 2.8 (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್‌ಒ 3200, ಶಟರ್ ಸೆಕೆಂಡಿನ 30ರಲ್ಲಿ ಒಂದು ಭಾಗ. ಇದೇ ಬೆಳಕಿಗೆ ಎಫ್ 8, ಐಎಸ್‌ಒ 100 ಇಟ್ಟರೆ 8 ಸೆಕೆಂಡು ಬೇಕು. ಐಎಸ್‌ಒ ಏರಿಸಿದರೆ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಬರುತ್ತದೆ, ಬರಲಿ; ಪ್ರಿಂಟ್ ಹಾಕಿಸಿದಾಗ ಅದರಲ್ಲಿ ಎಷ್ಟೋ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ಉಪಾಯವಿದೆ. ಬೋಟು ಒಂದು ಬದಿಗೆ ವಾಲಿ ಮರಳುವ ಮುನ್ನ, ಉಯ್ಯಾಲೆ ತುದಿ ಮುಟ್ಟಿದಾಗಿನಂತೆ, ಅರೆಗಳಿಗೆ ನಿಲ್ಲುತ್ತದೆ. ಕಂಬದ ತುದಿಯನ್ನೇ ನೋಡುತ್ತಿದ್ದು ಆಗ ಒತ್ತಿದರೆ ಕಾಲು ಸೆಕೆಂಡೂ ನಡೆಯುತ್ತದೆ, ಐಎಸ್‌ಒ 400ಕ್ಕೆ ಇಳಿಯುತ್ತದೆ. ಟ್ರೈಪಾಡ್ ಹೊತ್ತು ತಂದದ್ದು ಸಾರ್ಥಕವಾಗುವುದು ಇಲ್ಲಿ. ಮೊಬೈಲಿನವರು ನೈಟ್ ಮೋಡ್ ಆಫ್ ಮಾಡುವುದು ಲೇಸು. ಅದು ಹಲವು ಚಿತ್ರಗಳನ್ನು ಪೇರಿಸಿ ಒಂದು ಮಾಡುವುದರಿಂದ ಓಲಾಡುವ ಬೋಟಿನ ಅಂಚು ಎರಡೆರಡಾಗುತ್ತದೆ.

ಒಂಟಿ ಬೋಟಿಗಿಂತ ಒತ್ತಾಗಿ ಕಟ್ಟಿದ ಸಾಲು ನನಗಿಷ್ಟ. ನಡುವೆ ಇಳಿಬಿಟ್ಟ ಹಳೆಯ ಟೈರುಗಳು ಅಪ್ಪಚ್ಚಿಯಾಗಿ, ಒಂದರ ಓಲಾಟವನ್ನು ಇನ್ನೊಂದು ತಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬಂದರು ಬೋಟುಗಳಿಂದ ತುಂಬಿರುತ್ತದೆ. ಆದರೆ ಬೋಟಿನಲ್ಲಿ ಜನವಿಲ್ಲ, ಜನವಿಲ್ಲದ ಕಡೆ ದೀಪವೂ ಇಲ್ಲ, ಮೇಲೆ ಮಳೆ. ಆಗಸ್ಟ್ ಕಳೆದ ಮೇಲೆ ಹೋಗುವುದೇ ವಾಸಿ. ಮರುದಿನದ ಪಯಣಕ್ಕೆ ಮಂಜುಗಡ್ಡೆ ತುಂಬುವ ಗದ್ದಲದಲ್ಲಿ ಕ್ಯಾಬಿನ್ನಿನ ಬೆಳಕು ಮುಖಗಳ ಮೇಲೂ ಬೀಳುತ್ತದೆ. "ಅಣ್ಣಾ, ಒಂದು ಫೋಟೊ ತೆಗೆಯಲೇ?" ಎಂದು ಬೋಟು ನಡೆಸುವ ತಾಂಡೇಲರನ್ನು ಕೇಳಿಯೇ ಕ್ಯಾಮೆರಾ ಎತ್ತುತ್ತೇನೆ. ಫ್ಲಾಷ್ ಮಾತ್ರ ಹೊಡೆಯುವುದಿಲ್ಲ, ಒದ್ದೆ ಹಲಗೆಯ ಮೇಲೆ ಭಾರ ಹೊತ್ತು ನಡೆಯುವವರ ಕಣ್ಣು ಕೋರೈಸಬಾರದು. ದಕ್ಕೆಯ ನೆಲವೂ ಮೀನಿನ ಲೋಳೆಯಿಂದ ಜಾರುತ್ತದೆ, ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಹಾಕಬೇಡಿ. ರೂಮಿಗೆ ಬಂದ ಮೇಲೆ ಟ್ರೈಪಾಡಿನ ಕಾಲುಗಳನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿಯೇ ಮಲಗಿ. ಉಪ್ಪು ಕೂತರೆ ತಿರುಪುಗಳು ತುಕ್ಕು ಹಿಡಿಯುತ್ತವೆ.