ಸ್ಪ್ಲಿಂಟ್ ಹಾಕಿದರೆ ಸಾಲದು, ಕೈ ಆಡಬೇಕು

ನಿಮ್ಮ ಮಣಿಕಟ್ಟನ್ನು ಪೂರ್ತಿ ಕೆಳಗೆ ಬಗ್ಗಿಸಿ, ಹಾಗೇ ಗಟ್ಟಿಯಾಗಿ ಮುಷ್ಟಿ ಕಟ್ಟಿ ನೋಡಿ. ಬಲವೇ ಬರುವುದಿಲ್ಲ ಅಲ್ವಾ? ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಕೈಕಾಲುಗಳ ಚಲನೆಗೆ ತೊಂದರೆಯಾಗುವ ಸ್ಥಿತಿ) ಇರುವ ಎಷ್ಟೋ ಮಕ್ಕಳ ಕೈ ಇದೇ ಭಂಗಿಯಲ್ಲಿ ಬಿಗಿದಿರುತ್ತದೆ. ಜೊತೆಗೆ ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿರುತ್ತದೆ. ಮಣಿಕಟ್ಟನ್ನು ತುಸು ಮೇಲೆತ್ತಿ, ಹೆಬ್ಬೆರಳನ್ನು ಹೊರಗೆ ತಂದು ನಿಲ್ಲಿಸುವುದು ಸ್ಪ್ಲಿಂಟಿನ, ಅಂದರೆ ಕೈಗೆ ಆಸರೆಯಾಗಿ ಕಟ್ಟುವ ಸಾಧನದ, ಕೆಲಸ.

ಮೊದಲು, ಮಗು ಏನು ಮಾಡಬೇಕು ಎಂಬುದನ್ನು ಗೊತ್ತು ಮಾಡಿಕೊಳ್ಳಿ. ‘ಕೈ ಸರಿಹೋಗಬೇಕು’ ಎಂದಷ್ಟೇ ಹೇಳಿದರೆ, ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಏನೂ ತಿಳಿಯುವುದಿಲ್ಲ. ಚಮಚ ಹಿಡಿಯಬೇಕೋ, ಬಣ್ಣ ಹಚ್ಚಬೇಕೋ ಹೇಳಿ. ಹೆಬ್ಬೆರಳಿನದು ಮಾತ್ರ ತೊಂದರೆಯಾದರೆ ನಿಯೋಪ್ರೀನ್ ಎಂಬ ರಬ್ಬರಿನಂಥ ಬಟ್ಟೆಯ ಮೆತ್ತನೆಯ ಸ್ಪ್ಲಿಂಟ್ ಸಾಕಾಗಬಹುದು. ಮಣಿಕಟ್ಟೂ ಬಾಗುತ್ತಿದ್ದರೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆದು ಮಾಡಿ, ಮಗುವಿನ ಕೈಯ ಆಕಾರಕ್ಕೇ ಒತ್ತಿ ಮಾಡಿಕೊಡುತ್ತಾರೆ. ಹಗಲು ಹಾಕುವುದಾದರೆ ಬೆರಳ ತುದಿಗಳು ಹೊರಗಿರಲಿ. ಮುಟ್ಟಿದ್ದು ತಿಳಿಯದ ಕೈ ಕೆಲಸಕ್ಕೆ ಒಗ್ಗುವುದಿಲ್ಲ. ರಾತ್ರಿಯ ಸ್ಪ್ಲಿಂಟ್ ಕೈಯನ್ನು ಚಾಚಿ ಇಡಲೆಂದೇ ಮಾಡಿದ್ದು. ಅದರಿಂದ ಎಷ್ಟು ಲಾಭ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ.

ಹಾಕುವಾಗ ಆತುರ ಬೇಡ. ಮಗುವನ್ನು ಒರಗಿಸಿ ಕೂರಿಸಿ, ಮೊಣಕೈಗೆ ಆಸರೆ ಕೊಡಿ. ಮುಷ್ಟಿಯನ್ನು ಬಲವಂತವಾಗಿ ಬಿಡಿಸಬೇಡಿ, ಇನ್ನೂ ಬಿಗಿಯಾಗುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಇನ್ನಷ್ಟು ಕೆಳಗೆ ಬಗ್ಗಿಸಿ. ಬೆರಳು ತಾವಾಗಿ ಸಡಿಲವಾಗುತ್ತವೆ. ಆಗ ಹೆಬ್ಬೆರಳನ್ನು ಬುಡದಲ್ಲಿ, ಅಂಗೈಗೆ ಸೇರುವ ದಪ್ಪ ಭಾಗದಲ್ಲಿ ಹಿಡಿದು ಹೊರಗೆ ತನ್ನಿ. ತುದಿ ಹಿಡಿದು ಎಳೆದರೆ ನಡುವಿನ ಕೀಲಿಗೆ ಪೆಟ್ಟು. ಇಷ್ಟಾದ ಮೇಲೆ ಕೈಯನ್ನು ನಿಧಾನವಾಗಿ ಮೇಲೆತ್ತಿ ಸ್ಪ್ಲಿಂಟಿನೊಳಗೆ ಕೂರಿಸಿ, ಮಣಿಕಟ್ಟಿನ ಪಟ್ಟಿಯನ್ನು ಮೊದಲು ಅಂಟಿಸಿ. ಮಣಿಕಟ್ಟು ನಿಲ್ಲದೆ ಉಳಿದ ಪಟ್ಟಿ ಬಿಗಿದರೆ ಕೈ ಒಳಗೇ ಜಾರುತ್ತದೆ.

ಮೊದಲ ದಿನ ಹದಿನೈದು, ಇಪ್ಪತ್ತು ನಿಮಿಷ ಸಾಕು. ಬಿಚ್ಚಿದಾಗ ಚರ್ಮ ಕೆಂಪಗಿದ್ದರೆ ಅರ್ಧ ಗಂಟೆ ಕಾಯಿರಿ. ಆಗಲೂ ಕೆಂಪು ಮಾಸದಿದ್ದರೆ ಮತ್ತೆ ಹಾಕಬೇಡಿ, ಥೆರಪಿಸ್ಟ್‌ಗೆ ತೋರಿಸಿ. ಬೆರಳು ಊದಿದರೆ, ತಣ್ಣಗಾದರೆ, ಬಣ್ಣ ಬದಲಾದರೆ ಕಾಯುವ ಮಾತೇ ಇಲ್ಲ, ತಕ್ಷಣ ಬಿಚ್ಚಿ. ಮಾತು ಬಾರದ ಮಗುವಾದರೆ ಅಳುವನ್ನು ಹಟ ಎಂದುಕೊಳ್ಳದೆ ಬಿಚ್ಚಿ ನೋಡಿ.

ಇನ್ನು ಅಸಲಿ ಕೆಲಸ. ಸುಮ್ನೆ ಸ್ಪ್ಲಿಂಟ್ ಹಾಕಿ ಕೂರಿಸಿದರೆ ಕೈ ಏನನ್ನೂ ಕಲಿಯುವುದಿಲ್ಲ. ಅದನ್ನು ಹಾಕಿರುವಾಗಲೇ ಆಟ ಶುರುವಾಗಲಿ. ದೊಡ್ಡ ಮರದ ತುಂಡುಗಳನ್ನು ಡಬ್ಬಿಗೆ ಹಾಕುವುದು, ಎರಡೂ ಕೈಯಲ್ಲಿ ಚೆಂಡು ಹಿಡಿಯುವುದು, ಒಂದು ಕೈ ಕಾಗದ ಒತ್ತಿ ಹಿಡಿದರೆ ಇನ್ನೊಂದು ಗೀಚುವುದು. ಬಿಚ್ಚಿದ ಮೇಲೂ ಅದೇ ಆಟ ಸ್ವಲ್ಪ ಹೊತ್ತು ಮುಂದುವರಿಯಲಿ. ಸ್ಪ್ಲಿಂಟ್ ಹಾಕಿದಾಗ ಕೆಲಸ ಇನ್ನೂ ಕಷ್ಟವಾಗುತ್ತಿದ್ದರೆ ಅದು ಆ ಕೆಲಸಕ್ಕೆ ತಕ್ಕದ್ದಲ್ಲ. ಹಾಗಂತ ಥೆರಪಿಸ್ಟ್‌ಗೆ ಹೇಳಲು ಸಂಕೋಚ ಬೇಡ.

ತೊಳೆಯಲು ಉಗುರುಬೆಚ್ಚಗಿನ ನೀರು, ಸೋಪು ಸಾಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮಗು ಬೆಳೆದಂತೆ ಅಳತೆ ಚಿಕ್ಕದಾಗುವುದರಿಂದ ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ.