ಹಳೆ ಕಾಂಕ್ರೀಟಿನ ಜಲ್ಲಿಗೆ ಮೊದಲು ನೀರು ಕುಡಿಸಿ

ಕೆಡವಿದ ಕಟ್ಟಡದ ಕಾಂಕ್ರೀಟನ್ನು ಒಡೆದು ಜಲ್ಲಿ ಮಾಡಿ ಹೊಸ ಕೆಲಸಕ್ಕೆ ಹಾಕಿದರೆ ಗಟ್ಟಿ ಬರುವುದಿಲ್ಲ, ಬಿರುಕು ಬಿಡುತ್ತದೆ ಎಂಬ ದೂರು ಆಗಾಗ ಕಿವಿಗೆ ಬೀಳುತ್ತದೆ. ಅಂಥ ಕೆಲಸಗಳನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಹೆಚ್ಚಿನ ಕಡೆ ಕೆಲಸ ಕೆಡಿಸಿದ್ದು ಜಲ್ಲಿಯಲ್ಲ, ಮಿಕ್ಸರ್ ಪಕ್ಕದಲ್ಲಿ ಅಳತೆಯಿಲ್ಲದೆ ಸುರಿದ ನೀರು. ಆದ್ದರಿಂದ ಈ ಲೇಖನದಲ್ಲಿ ನೀರಿನ ಮಾತೇ ಜಾಸ್ತಿ.

ಹಂತ 1: ಕೆಡವುವ ಮೊದಲೇ ಬೇರ್ಪಡಿಸಿ

ಸುತ್ತಿಗೆ ಎತ್ತುವ ಮುನ್ನ ಬಾಗಿಲು, ಕಿಟಕಿ, ವೈರು, ಪೈಪು, ಟೈಲ್ಸ್, ಜಿಪ್ಸಂ ಸೀಲಿಂಗ್ ಎಲ್ಲವೂ ಹೊರಗೆ ಹೋಗಿರಬೇಕು. ಎಲ್ಲ ಒಂದೇ ರಾಶಿಯಾದ ಮೇಲೆ ಆರಿಸುವುದು ಆಗದ ಮಾತು. ಜಿಪ್ಸಂ ವಿಷಯದಲ್ಲಂತೂ ರಾಜಿಯೇ ಬೇಡ. ಅದರಲ್ಲಿರುವ ಸಲ್ಫೇಟ್ ಸಿಮೆಂಟಿನ ಜೊತೆ ಸೇರಿ ನಿಧಾನಕ್ಕೆ ಉಬ್ಬುತ್ತದೆ, ಗಟ್ಟಿಯಾದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಲ್ಯೂಮಿನಿಯಂ ಚೂರು ಉಳಿದರೆ ಹಸಿ ಸಿಮೆಂಟಿನ ಕ್ಷಾರಕ್ಕೆ ಹೈಡ್ರೋಜನ್ ಬಿಟ್ಟು ಗುಳ್ಳೆ ಏಳಿಸುತ್ತದೆ. ಕಲ್ನಾರಿನ ಶೀಟ್ ಇದ್ದರೆ ನೀವಾಗಿ ಒಡೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ತರಬೇತಿ ಇದ್ದವರೇ ತೆಗೆಯಬೇಕು.

ಇಟ್ಟಿಗೆ, ಗೋಡೆಯ ಗಾರೆ ಒಂದು ರಾಶಿ. ಕಂಬ, ಬೀಮ್, ತಾರಸಿ, ಪಾಯದ ಕಾಂಕ್ರೀಟು ಇನ್ನೊಂದು ರಾಶಿ. ನಮಗೆ ಬೇಕಾದದ್ದು ಎರಡನೆಯದು. ಅದರಲ್ಲೂ ಸಮುದ್ರದ ಉಪ್ಪು ತಾಗಿದ್ದು, ರಾಸಾಯನಿಕ ಚೆಲ್ಲಿದ ನೆಲದ್ದು, ಮೈಮೇಲೆಲ್ಲ ಬಲೆಯಂತೆ ಬಿರುಕು ಬಿಟ್ಟದ್ದು ಬೇಡ.

ಹಂತ 2: ಪುಡಿ ಮಾಡಿ, ಸೋಸಿ

ಜಾ ಕ್ರಷರಿಗೆ (ದವಡೆಯಂತೆ ಅಗಿದು ಪುಡಿ ಮಾಡುವ ಯಂತ್ರಕ್ಕೆ) ಹಾಕಿ, ಮ್ಯಾಗ್ನೆಟ್ಟಿನಿಂದ ಕಂಬಿ ಎಳೆದು, ಜರಡಿ ಹಿಡಿದು 20 ಮಿ.ಮೀ.ನಿಂದ 4.75 ಮಿ.ಮೀ.ವರೆಗಿನದನ್ನು ಇಟ್ಟುಕೊಳ್ಳಿ. ಅದಕ್ಕಿಂತ ಸಣ್ಣ ಪುಡಿಯಲ್ಲಿ ಹಳೆ ಸಿಮೆಂಟಿನ ಗಾರೆಯೇ ಹೆಚ್ಚು, ಅದು ಸಿಕ್ಕಾಪಟ್ಟೆ ನೀರು ಹೀರುತ್ತದೆ. ಮರಳಿನ ಬದಲು ಬಳಸುವ ಆಸೆ ಬಿಟ್ಟು ನೆಲ ತುಂಬಲು ಹಾಕಿ.

ಹೊರಗಿನಿಂದ ಸಿದ್ಧ ಜಲ್ಲಿ ತರಿಸುವವರು ಲೋಡ್ ಇಳಿಸುವ ಮೊದಲೇ ಒಂದು ಬಾಟಲಿಯಲ್ಲಿ ನಾಲ್ಕು ಹಿಡಿ ಜಲ್ಲಿ, ಮೇಲೆ ನೀರು ಹಾಕಿ ಅಲುಗಾಡಿಸಿ. ಮರದ ಚೂರು, ಥರ್ಮೋಕೋಲು ತೇಲುತ್ತವೆ, ಇಟ್ಟಿಗೆ ಕೆಂಪಾಗಿ ಕಾಣುತ್ತದೆ. ನೀರು ರಾಡಿಯಾದರೆ ಧೂಳು ಹೆಚ್ಚಿದೆ ಎಂದರ್ಥ. ಕಲ್ಲಿಗೆ ಧೂಳು ಮೆತ್ತಿದ್ದರೆ ಹೊಸ ಸಿಮೆಂಟು ಕಲ್ಲನ್ನು ಹಿಡಿಯುವುದೇ ಇಲ್ಲ. ತೊಳೆಯದ ಜಲ್ಲಿಯನ್ನು ನಾನು ಒಪ್ಪಿಕೊಳ್ಳುವುದಿಲ್ಲ, ನೀವೂ ಒಪ್ಪಬೇಡಿ.

ಹಂತ 3: ನೀರು ಕುಡಿಸುವುದು

ಎಡವುವುದು ಇಲ್ಲೇ. ಹೊಸ ಕಲ್ಲಿನ ಜಲ್ಲಿ ಸಾಮಾನ್ಯವಾಗಿ ತನ್ನ ತೂಕದ ಶೇ 1ರ ಆಸುಪಾಸು ನೀರು ಹೀರಿದರೆ, ಹಳೆ ಕಾಂಕ್ರೀಟಿನ ಜಲ್ಲಿ ಶೇ 4, ಶೇ 6, ಕೆಲವೊಮ್ಮೆ ಇನ್ನೂ ಹೆಚ್ಚು ಹೀರುತ್ತದೆ. ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಮಗ್ಗುಲಲ್ಲಿ ಕರಿಕಲ್ಲು ಹೊಳೆಯುತ್ತದೆ, ಇನ್ನೊಂದು ಮಗ್ಗುಲಲ್ಲಿ ಬೂದು ಬಣ್ಣದ ಹಳೆ ಗಾರೆ ಅಂಟಿಕೊಂಡಿರುತ್ತದೆ. ಗಾರೆಯ ಮೇಲೆ ಒಂದು ಹನಿ ನೀರು ಬಿಡಿ, ನೋಡನೋಡುತ್ತಲೇ ಇಂಗುತ್ತದೆ. ಕಲ್ಲಿನ ಮೇಲೆ ಬಿಟ್ಟ ಹನಿ ಹಾಗೇ ನಿಂತಿರುತ್ತದೆ.

ಈ ಜಲ್ಲಿ ಒಣಗಿದ್ದಾಗಲೇ ಮಿಕ್ಸರಿಗೆ ಹೋದರೆ ಏನಾಗುತ್ತದೆ? ಮೊದಲು ಮಿಶ್ರಣ ಚೆನ್ನಾಗಿಯೇ ಕಾಣುತ್ತದೆ. ಕಾಲು ಗಂಟೆಯಲ್ಲಿ ಜಲ್ಲಿ ನೀರು ಹೀರಿ ಮಾಲು ಬಿಗಿಯುತ್ತದೆ, ಸಲಿಕೆ ಇಳಿಯುವುದಿಲ್ಲ. ‘ಸ್ವಲ್ಪ ನೀರು ಬಿಡಪ್ಪಾ’ ಎಂಬ ಕೂಗು ಏಳುವುದು ಆಗ. 350 ಕೆ.ಜಿ. ಸಿಮೆಂಟಿಗೆ 175 ಲೀಟರ್ ನೀರು ಲೆಕ್ಕ ಹಾಕಿದ್ದರೆ ನೀರು–ಸಿಮೆಂಟ್ ಅನುಪಾತ 0.5. ಅದರ ಮೇಲೆ ಕಣ್ಣಂದಾಜಿನಲ್ಲಿ ಸುರಿದ ನೀರಲ್ಲಿ ಜಲ್ಲಿ ಹೀರಿದ್ದೆಷ್ಟು, ಸಿಮೆಂಟಿಗೆ ಸೇರಿದ್ದೆಷ್ಟು ಯಾರೂ ಹೇಳಲಾರರು. 25 ಲೀಟರ್ ಸಿಮೆಂಟಿಗೇ ಹೋದರೆ ಅನುಪಾತ 0.57ಕ್ಕೆ ಏರುತ್ತದೆ, ಬಲ ಕುಸಿಯುತ್ತದೆ. ಆಮೇಲೆ ಬೈಗುಳ ಮಾತ್ರ ಹಳೆ ಜಲ್ಲಿಗೆ.

ಸರಿಯಾದ ದಾರಿ ಹೀಗಿದೆ. ಮೊದಲು ನಿಮ್ಮ ಜಲ್ಲಿ ಎಷ್ಟು ಕುಡಿಯುತ್ತದೆಂದು ಅಳೆಯಿರಿ. ಒಂದಿಷ್ಟು ಜಲ್ಲಿಯನ್ನು 24 ಗಂಟೆ ನೀರಲ್ಲಿ ಮುಳುಗಿಸಿಡಿ. ತೆಗೆದು, ಒಣ ಬಟ್ಟೆಯಲ್ಲಿ ಮೈಮೇಲಿನ ಹೊಳಪು ಹೋಗುವವರೆಗೆ ಮಾತ್ರ ಒರೆಸಿ ತೂಗಿ. ಬಳಿಕ ಓವನ್ನಿನಲ್ಲಿ 100ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ. ಒರೆಸಿದಾಗ 2,120 ಗ್ರಾಂ, ಒಣಗಿದಾಗ 2,000 ಗ್ರಾಂ ಬಂದರೆ ಹೀರಿಕೆ ಶೇ 6.

ಇನ್ನು ಲೆಕ್ಕ. ಒಂದು ಘನ ಮೀಟರ್ ಕಾಂಕ್ರೀಟಿಗೆ 1,100 ಕೆ.ಜಿ. ಜಲ್ಲಿ ಬೇಕೆನ್ನೋಣ. ಅದರಲ್ಲಿ ಶೇ 20 ಹಳೆಯದೆಂದರೆ 220 ಕೆ.ಜಿ. ರಾಶಿಯಲ್ಲಿ ಆಗಲೇ ಶೇ 1.5 ತೇವ ಇದ್ದರೆ ಇನ್ನು ಬೇಕಾದದ್ದು ಶೇ 4.5, ಅಂದರೆ ಸುಮಾರು 10 ಲೀಟರ್. ಈ ನೀರು ಜಲ್ಲಿಯ ಪಾಲು. ಸಿಮೆಂಟಿನ ನೀರಿನ ಲೆಕ್ಕದಲ್ಲಿ ಇದನ್ನು ಸೇರಿಸಬೇಡಿ, ಅದರಿಂದ ಕಳೆಯಲೂ ಬೇಡಿ.

ಹಿಂದಿನ ಸಂಜೆಯೇ ರಾಶಿಗೆ ನೀರು ಚಿಮುಕಿಸಿ, ಮಗುಚಿ, ಗೋಣಿತಟ್ಟು ಹೊದಿಸಿಡಿ. ಅಡಿಯಲ್ಲಿ ನೀರು ಬಸಿದು ಹೋಗಲು ಇಳಿಜಾರು ಇರಲಿ. ಬೆಳಿಗ್ಗೆ ಹಿಡಿ ಜಲ್ಲಿ ಅಂಗೈಯಲ್ಲಿ ಒತ್ತಿ. ಕಲ್ಲು ಕಪ್ಪಗಿರಬೇಕು, ಮೈ ಮಿಂಚಬಾರದು. ಅಂಗೈ ತೇವವಾಗಬೇಕು, ಬೆರಳ ಸಂದಿಯಿಂದ ಹನಿ ಇಳಿಯಬಾರದು. ಹನಿ ಇಳಿದರೆ ಹೆಚ್ಚಾಗಿದೆ, ಇನ್ನಷ್ಟು ಹೊತ್ತು ಬಸಿಯಲು ಬಿಡಿ.

ಹಂತ 4: ಎಷ್ಟು ಬೆರೆಸಬಹುದು?

ಒಟ್ಟು ಜಲ್ಲಿಯಲ್ಲಿ ಹಳೆಯದು ಎಷ್ಟಿರಬಹುದು ಎಂಬ ಮಿತಿ ದೇಶದಿಂದ ದೇಶಕ್ಕೆ ಬೇರೆ. ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಕಂಬಿ ಹಾಕದ ಕಾಂಕ್ರೀಟಿಗೆ ಶೇ 25, ಕಂಬಿ ಹಾಕಿದ್ದಕ್ಕೆ ಎಂ25 ದರ್ಜೆಯವರೆಗೆ (28ನೇ ದಿನ 25 ಮೆಗಾಪ್ಯಾಸ್ಕಲ್ ಬಲ) ಶೇ 20, ಪಾಯದಡಿ ಹಾಸುವ ಬೆಡ್ ಕಾಂಕ್ರೀಟಿನಂಥ ಕಡಿಮೆ ಬಲದ್ದಕ್ಕೆ ಶೇ 100 ಎನ್ನುತ್ತದೆ. ಮೊದಲ ಸಲ ಮಾಡುವವರು ಬೆಡ್, ಕಾಲುದಾರಿ, ಕಾಂಪೌಂಡ್ ಕೆಲಸದಿಂದಲೇ ಶುರು ಮಾಡಿ. ನೀರಿನ ಟ್ಯಾಂಕಿಗೆ ನಾನಂತೂ ಹಾಕಿಸುವುದಿಲ್ಲ. ಒಣಗುವಾಗ ಈ ಕಾಂಕ್ರೀಟು ತುಸು ಹೆಚ್ಚೇ ಕುಗ್ಗುತ್ತದೆ.

ಗಟ್ಟಿ ಸಾಲದೆಂಬ ಭಯಕ್ಕೆ ಮೂಟೆಗಟ್ಟಲೆ ಸಿಮೆಂಟ್ ಸೇರಿಸುವುದು ಕೆಟ್ಟ ಅಡ್ಡದಾರಿ. ಕಾಂಕ್ರೀಟಿನ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಸಿಮೆಂಟಿನದೇ. ಕಲ್ಲುಗಣಿ ಉಳಿಸಿ ಸಿಮೆಂಟ್ ಸುರಿದರೆ ಪಟ್ಟ ಪಾಡೆಲ್ಲ ನೀರುಪಾಲು. ಮಿಶ್ರಣ ಬಿಗಿಯಾಗಿದ್ದರೆ ಅಳತೆ ಪ್ರಕಾರ ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಮಿಶ್ರಣ ಸಡಿಲಿಸುವ ರಾಸಾಯನಿಕ) ಹಾಕಿ.

ಹಂತ 5: ಕಲಸುವುದು

ಜಲ್ಲಿ, ಮರಳು ಒಂದು ನಿಮಿಷ ತಿರುಗಲಿ. ಅರ್ಧ ನೀರು ಹಾಕಿ ಇನ್ನೊಂದು ನಿಮಿಷ. ಸಿಮೆಂಟ್ ಹಾಕಿ ಅರ್ಧ ನಿಮಿಷ, ಉಳಿದ ನೀರು ಹಾಕಿ ಎರಡು ನಿಮಿಷ. ಹೀಗೆ ಮಾಡಿದರೆ ಹಳೆ ಗಾರೆಯ ಸಂದುಗಳಿಗೆ ಸಿಮೆಂಟಿನ ಹಾಲು ಮೊದಲೇ ಇಳಿಯುತ್ತದೆ.

ಹಾಕಿ ಮುಗಿದ ಮೇಲೆ ಎಂದಿನಂತೆ ಕ್ಯೂರಿಂಗ್. ಮೊದಲ ದಿನವೇ ಅದೇ ಕಾಂಕ್ರೀಟನ್ನು 150 ಮಿ.ಮೀ. ಕ್ಯೂಬುಗಳ (ಬಲ ಪರೀಕ್ಷೆಯ ಘನಗಳ) ಅಚ್ಚಿಗೆ ತುಂಬಿಸಿ, ದಿನಾಂಕ ಬರೆದು, ಮರುದಿನ ಅಚ್ಚು ಬಿಚ್ಚಿ ನೀರಲ್ಲಿಡಿ. ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಒಡೆಸಿ. 7ನೇ ದಿನದ ಫಲಿತಾಂಶ ಕಡಿಮೆ ಬಂದರೆ ಮುಂದಿನ ಕಾಂಕ್ರೀಟ್ ನಿಲ್ಲಿಸಿ, ಮೊದಲು ಜಲ್ಲಿ ರಾಶಿಯ ತೇವ ಅಳೆಯಿರಿ.